ಮೊದಲು ಬರೆಸಿ, ಆಮೇಲೆ ಮಾತಾಡಿಸಿ: ಕೆಲಸದ ಜಾಗದಲ್ಲಿ ಹೊಸ ಯೋಚನೆ ಬೆಳೆಸಲು ಒಂದು ಸಮಗ್ರ ಮಾರ್ಗದರ್ಶಿ

"ನಮ್ಮಲ್ಲಿ ಯಾರೂ ಬಾಯಿ ಬಿಡಲ್ಲ ಸಾರ್. ಮೀಟಿಂಗ್ ಕರೆದರೆ ತಲೆ ತಗ್ಗಿಸಿ ಕೂತಿರ್ತಾರೆ, ಕಾಫಿ ಕುಡಿದು ಎದ್ದು ಹೋಗ್ತಾರೆ." ಚಿಕ್ಕಮಗಳೂರು, ಹಾಸನದ ಕಡೆ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಹದಮಾಡುವ ಕಾರ್ಖಾನೆ), ಹೋಂಸ್ಟೇ, ಹಾಲಿನ ಸಂಘ, ಗಾರ್ಮೆಂಟ್ಸ್, ಸಣ್ಣ ಸಾಫ್ಟ್‌ವೇರ್ ಕಚೇರಿ ನಡೆಸುವವರ ಜೊತೆ ಕೂತಾಗೆಲ್ಲ ಈ ದೂರು ಕಿವಿಗೆ ಬೀಳುತ್ತದೆ. ಅದೇ ಜನ ಗೇಟಿನಾಚೆಯ ಹೋಟೆಲಿನಲ್ಲಿ ಕೂತಾಗ, ಕೆಲಸ ಎಲ್ಲಿ ಕೆಡುತ್ತಿದೆ, ಏನು ಮಾಡಿದರೆ ಸರಿಹೋಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಾರೆ. ಯೋಚನೆಗೆ ಬರ ಬಂದಿಲ್ಲ. ಯೋಚನೆ ಬಾಯಿಗೆ ಬಂದ ಮೊದಲ ಎರಡು ನಿಮಿಷ ನಾವು ಹೇಗೆ ನಡೆದುಕೊಳ್ಳುತ್ತೇವೆ, ಆಮೇಲಿನ ಹದಿನೈದು ದಿನ ಅದನ್ನು ಏನು ಮಾಡುತ್ತೇವೆ ಎಂಬುದರಲ್ಲೇ ಅದರ ಅಳಿವು ಉಳಿವು ಇದೆ. ಈ ಎರಡು ಹೊತ್ತನ್ನು ನಿಭಾಯಿಸುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಎಂಟು ಹತ್ತು ಜನರಿಂದ ಹಿಡಿದು ನಲವತ್ತು ಐವತ್ತು ಜನರ ತನಕ ಇರುವ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ದುಡ್ಡು ಖರ್ಚಾಗುವುದು ಕಾಗದಕ್ಕೆ, ಪೆನ್ನಿಗೆ, ಒಂದು ಸುತ್ತು ಕಾಫಿಗೆ, ಅಷ್ಟೇ.

ಹೆಜ್ಜೆ 1: ಹೊತ್ತು, ಜಾಗ ಗೊತ್ತುಮಾಡಿ

ನಮ್ಮ ಕಡೆಯ ಕೆಲಸಕ್ಕೆ ಋತುವಿದೆ. ನವೆಂಬರಿನಲ್ಲಿ ಅರೇಬಿಕಾ ಕಾಫಿ ಹಣ್ಣು ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ತನಕ ತೋಟದಲ್ಲಾಗಲಿ ಕ್ಯೂರಿಂಗಿನಲ್ಲಾಗಲಿ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಹೋಂಸ್ಟೇಯವರಿಗೆ ವಾರಾಂತ್ಯ ಬಂದರೆ ಮುಗಿಯಿತು. ಅಂಥ ಹೊತ್ತಿನಲ್ಲಿ "ಬನ್ನಿ, ಹೊಸದಾಗಿ ಯೋಚಿಸೋಣ" ಎಂದರೆ ಜನ ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ. ಜುಲೈ, ಆಗಸ್ಟಿನ ಮಳೆ ಹಿಡಿದು ಕೂರಿಸಿರುವಾಗ ಕೂರಿ. ವಾರದ ನಡುವೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಒಂದೂವರೆ ಗಂಟೆ ಸಾಕು.

ಕೆಲಸದ ಅವಧಿಯೊಳಗೇ ಕೂರಿ. ಇದನ್ನು ಒತ್ತಿ ಹೇಳುತ್ತೇನೆ. ಐದೂವರೆಗೆ ಪಾಳಿ ಮುಗಿದ ಮೇಲೆ ಕೂರಿಸಿದರೆ ಹೆಂಗಸರ ಕಣ್ಣೆಲ್ಲ ಗೋಡೆ ಗಡಿಯಾರದ ಮೇಲಿರುತ್ತದೆ. ಆಲ್ದೂರಿಗೋ ಅರೇಹಳ್ಳಿಗೋ ಹೋಗುವ ಬಸ್ಸು ತಪ್ಪಿದರೆ ಮನೆ ಸೇರುವುದು ಎಷ್ಟೊತ್ತಿಗೆ? ಆ ಚಿಂತೆಯಲ್ಲಿ ಕೂತವರಿಂದ ಹೊಸ ಯೋಚನೆ ಕೇಳುವುದು ಅನ್ಯಾಯ. ಆ ಒಂದೂವರೆ ಗಂಟೆಯ ಸಂಬಳವೂ ಕೆಲಸದ್ದೇ ಎಂದು ಮೊದಲೇ ಹೇಳಿಬಿಡಿ.

ಜಾಗ ಧಣಿಗಳ ಕೊಠಡಿ ಆಗಬಾರದು. ಗೋದಾಮಿನ ಮೂಲೆ, ಊಟದ ಹಾಲು, ಮಳೆ ಬೀಳದ ಜಗಲಿ, ಯಾವುದಾದರೂ ಸರಿ. ಎಲ್ಲರಿಗೂ ಒಂದೇ ಥರದ ಕುರ್ಚಿ ಇರಲಿ. ಇಲ್ಲವಾದರೆ ಎಲ್ಲರೂ ಚಾಪೆಯ ಮೇಲೆ ಕೂರಲಿ.

ಹೆಜ್ಜೆ 2: ಯಾರನ್ನು ಕರೆಯಬೇಕು

ಆರು ಜನ ಸಾಕು. ಎಂಟು ದಾಟಿದರೆ ಎರಡು ಗುಂಪು ಮಾಡಿ. ಮ್ಯಾನೇಜರು, ಅಕೌಂಟೆಂಟು, ಸೂಪರ್‌ವೈಸರು, ಈ ಮೂವರೇ ಕೂತು ಮಾತಾಡಿದರೆ ಅವರಿಗೆ ಮೊದಲೇ ಗೊತ್ತಿದ್ದದ್ದೇ ಮತ್ತೆ ಹೊರಗೆ ಬರುತ್ತದೆ. ಸಮಸ್ಯೆಯನ್ನು ದಿನಾ ಕೈಯಲ್ಲಿ ಮುಟ್ಟುವವರು ಬೇಕು. ಗೇಟ್ ಕಾಯುವವರು, ಡ್ರೈವರು, ಅಡುಗೆಯವರು, ಮೂಟೆ ಹೊರುವವರು, ಬೀಜ ಆರಿಸುವ ಹೆಂಗಸರು. ಸೇರಿ ಇನ್ನೂ ತಿಂಗಳಾಗದ ಒಬ್ಬ ಹುಡುಗನೋ ಹುಡುಗಿಯೋ ಇರಲಿ. ಹಳಬರಿಗೆ ಕಣ್ಣಿಗೆ ಒಗ್ಗಿಹೋದ ಓರೆಕೋರೆ ಹೊಸಬರಿಗೆ ಕೂಡಲೇ ಕಾಣುತ್ತದೆ.

ಬರೆಯಲು ಬಾರದವರನ್ನು ಬಿಡಬೇಡಿ. ಅವರು ಹೇಳಿದ್ದನ್ನು ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ, ಇಲ್ಲವೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈಗ ನಮ್ಮ ತೋಟಗಳಲ್ಲಿ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರೂ ಇದ್ದಾರೆ. ಅವರಿಗೆ ಬರುವ ಭಾಷೆಯಲ್ಲೇ ಹೇಳಲಿ. ಒಂದು ಎಚ್ಚರಿಕೆ: ಅವರ ಮಾತನ್ನು ಕನ್ನಡಕ್ಕೆ ಹೇಳುವ ಕೆಲಸವನ್ನು ಮೇಸ್ತ್ರಿಗೆ ಕೊಡಬೇಡಿ. ಮೇಸ್ತ್ರಿ ಎಷ್ಟೇ ಒಳ್ಳೆಯವನಾಗಿದ್ದರೂ ಕೂಲಿ ಲೆಕ್ಕ ಬರೆಯುವವನು ಅವನೇ. ಅವನೆದುರು ಅರ್ಧ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಹೆಜ್ಜೆ 3: ಪ್ರಶ್ನೆಯನ್ನು ಹದಮಾಡಿ

ಸಭೆ ಹಾಳಾಗುವುದು ಬಹುಪಾಲು ಇಲ್ಲೇ. "ಹೋಂಸ್ಟೇ ಬಿಸಿನೆಸ್ ಹೆಚ್ಚು ಮಾಡೋದು ಹೇಗೆ?" ಎಂದು ಕೇಳಿದರೆ "ಜಾಹೀರಾತು ಕೊಡಿ, ರೇಟ್ ಇಳಿಸಿ" ಎಂಬ ಉತ್ತರ ಬರುತ್ತದೆ. ಪ್ರಶ್ನೆ ದೊಡ್ಡದಾದಷ್ಟೂ ಉತ್ತರ ಸವಕಲು. ಪ್ರಶ್ನೆಯೊಳಗೆ ಒಬ್ಬ ಮನುಷ್ಯ, ಒಂದು ಹೊತ್ತು, ಒಂದು ಕಟ್ಟುಪಾಡು ಇರಬೇಕು. ನೋಡಿ:

ಹೋಂಸ್ಟೇಗೆ: "ಮಳೆಗಾಲದಲ್ಲಿ ಬಂದ ಅತಿಥಿ, ಜಿಗಣೆ ಮಳೆ ಅಂತ ಹೊರಗೆ ಕಾಲಿಡಲಾಗದ ಮಧ್ಯಾಹ್ನ, ಮಕ್ಕಳ ಜೊತೆ ಖುಷಿಯಾಗಿ ಕಳೆಯಲು ನಾವು ಏನು ಮಾಡಬಹುದು? ಹೊಸ ಕಟ್ಟಡ ಕಟ್ಟುವ ಹಾಗಿಲ್ಲ."

ಹಾಲಿನ ಸಂಘಕ್ಕೆ: "ಸಂಜೆ ಹಾಲು ಹಾಕಲು ಬಂದ ವಯಸ್ಸಾದವರು ಸಾಲಿನಲ್ಲಿ ನಿಂತು ಸುಸ್ತಾಗದ ಹಾಗೆ ಏನು ಮಾಡಬಹುದು? ಇನ್ನೊಬ್ಬ ನೌಕರರನ್ನು ತೆಗೆದುಕೊಳ್ಳುವ ಹಾಗಿಲ್ಲ."

ಗಾರ್ಮೆಂಟ್ಸ್ ಲೈನಿಗೆ: "ಸೂಜಿ ಮುರಿದಾಗ ಹೊಸ ಸೂಜಿ ಕೈಗೆ ಬರುವ ತನಕ ಮಿಷನ್ ಸುಮ್ಮನೆ ನಿಲ್ಲುತ್ತದೆ. ಆ ಹೊತ್ತನ್ನು ಉಳಿಸುವುದು ಹೇಗೆ? ಮುರಿದ ತುಂಡೆಲ್ಲ ಸಿಕ್ಕದೆ ಹೊಸದು ಕೊಡಬಾರದೆಂಬ ನಿಯಮವನ್ನು ಮುರಿಯುವಂತಿಲ್ಲ."

ಕೊನೆಯ ಸಾಲಿನ ಕಟ್ಟುಪಾಡನ್ನು ಗಮನಿಸಿ. ಅದು ಯೋಚನೆಗೆ ಅಡ್ಡಿ ಅನ್ನಿಸಬಹುದು. ನನ್ನ ಅನುಭವದಲ್ಲಿ ಅದೇ ಯೋಚನೆಗೆ ಚುರುಕು ಕೊಡುತ್ತದೆ. "ದುಡ್ಡಿದ್ದರೆ ಹೀಗೆ ಮಾಡಬಹುದಿತ್ತು" ಎಂಬ ದಾರಿ ಮುಚ್ಚಿದ ಮೇಲೆ ತಲೆ ಬೇರೆ ಕಡೆ ಓಡಲೇಬೇಕು. ಒಂದು ಸಭೆಗೆ ಒಂದೇ ಪ್ರಶ್ನೆ ಇರಲಿ. ಎರಡು ದಿನ ಮುಂಚೆಯೇ ಅದನ್ನು ದಪ್ಪಕ್ಷರದಲ್ಲಿ ಬರೆದು ಎಲ್ಲರೂ ಓಡಾಡುವ ಕಡೆ ಅಂಟಿಸಿ. ಕೆಲವರಿಗೆ ಯೋಚನೆ ಹೊಳೆಯುವುದು ಬಸ್ಸಿನ ಕಿಟಕಿ ಪಕ್ಕ ಕೂತಾಗ, ಸಭೆಯಲ್ಲಲ್ಲ.

ಹೆಜ್ಜೆ 4: ಬರೆಸಿ, ಕೈ ಬದಲಾಯಿಸಿ

ಬ್ರೈನ್‌ಸ್ಟಾರ್ಮಿಂಗ್ ಎಂದರೆ ಎಲ್ಲರೂ ಸೇರಿ ಒಟ್ಟಿಗೆ ಮಾತಾಡುವುದು ಎಂದೇ ನಮ್ಮಲ್ಲಿ ತಿಳಿದುಕೊಂಡಿದ್ದಾರೆ. ಅದನ್ನು ರೂಢಿಗೆ ತಂದವರು ಅಮೆರಿಕದ ಜಾಹೀರಾತು ಸಂಸ್ಥೆಯೊಂದರ ಪಾಲುದಾರ ಅಲೆಕ್ಸ್ ಆಸ್ಬರ್ನ್. 1953ರಲ್ಲಿ ಅವರ ಪುಸ್ತಕ ಬಂದ ಮೇಲೆ ಲೋಕವೆಲ್ಲ ಹಬ್ಬಿತು. ಅವರು ಹಾಕಿಕೊಟ್ಟ ನಾಲ್ಕು ನಿಯಮ ಇವತ್ತಿಗೂ ಗಟ್ಟಿ: ಸರಿ ತಪ್ಪು ಈಗಲೇ ಹೇಳಬೇಡಿ, ವಿಚಿತ್ರ ಅನ್ನಿಸಿದರೂ ಬರಲಿ, ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು, ಒಬ್ಬರದ್ದಕ್ಕೆ ಇನ್ನೊಬ್ಬರದನ್ನು ಕೂಡಿಸಿ.

ನಿಯಮ ಗಟ್ಟಿ, ಆದರೆ ಒಟ್ಟಿಗೆ ಮಾತಾಡುವ ಪದ್ಧತಿ ಅಷ್ಟು ಗಟ್ಟಿಯಲ್ಲ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪರೀಕ್ಷೆಯಲ್ಲಿ, ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಬರೆದದ್ದನ್ನು ಕೂಡಿಸಿದಾಗ ಯೋಚನೆಗಳ ಸಂಖ್ಯೆ ಹೆಚ್ಚಿತ್ತು. ಯಾಕೆ ಹೀಗೆ ಎಂದು 1987ರಲ್ಲಿ ಮಿಷಾಯೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಶ್ಟ್ರೋಬೆ ಎಂಬ ಮನಶ್ಶಾಸ್ತ್ರಜ್ಞರು ಕೆದಕಿ ನೋಡಿದರು. ಮುಖ್ಯ ಕಾರಣ ಬಹಳ ಸರಳ: ಒಂದು ಸಲಕ್ಕೆ ಒಬ್ಬರೇ ಮಾತಾಡಲು ಸಾಧ್ಯ. ಉಳಿದವರು ತಮ್ಮ ಸರದಿಗೆ ಕಾಯುತ್ತ ಹೊಳೆದದ್ದನ್ನು ಮರೆಯುತ್ತಾರೆ, ಇಲ್ಲವೇ "ಇದೇನು ಮಹಾ" ಎಂದು ತಾವೇ ಬಿಟ್ಟುಬಿಡುತ್ತಾರೆ. ಇದರ ಮೇಲೆ ನಮ್ಮ ಸಂಕೋಚ ಸೇರಿಸಿ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕಲಿತು ಬೆಳೆದ ಮಲೆನಾಡಿನ ಹೆಣ್ಣುಮಗಳು ಮ್ಯಾನೇಜರ ಮಾತನ್ನು ತಡೆದು ತನ್ನದನ್ನು ಹೇಳುತ್ತಾಳೆಂದು ಕಾಯುವುದು ವ್ಯರ್ಥ.

ಅದಕ್ಕೇ ಮೊದಲು ಬರೆಸಬೇಕು. ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲಿ ಕೊಟ್ಟ 6-3-5 ಎಂಬ ವಿಧಾನ ನಮ್ಮ ಜನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆರು ಜನ, ಮೂರು ಯೋಚನೆ, ಐದು ನಿಮಿಷ. ಮಾಡುವ ಕ್ರಮ ಹೀಗೆ:

ಪ್ರತಿಯೊಬ್ಬರಿಗೂ ಒಂದು ದೊಡ್ಡ ಹಾಳೆ ಕೊಡಿ. ಅದರಲ್ಲಿ ಮೂರು ಕಂಬಸಾಲು, ಆರು ಅಡ್ಡಸಾಲು ಗೀಟು ಎಳೆದಿರಲಿ, ಹದಿನೆಂಟು ಮನೆ ಆಗುತ್ತದೆ. ತಲೆಯ ಮೇಲೆ ಪ್ರಶ್ನೆ ಬರೆದಿರಲಿ. ಹೆಸರು ಬರೆಯುವುದು ಬೇಡ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು ಕೊಡಿ. ಗಡಿಯಾರ ನೋಡಿ ಐದು ನಿಮಿಷ ಬಿಡಿ. ಮೊದಲ ಅಡ್ಡಸಾಲಿನಲ್ಲಿ ಮೂರು ಯೋಚನೆ, ಒಂದೊಂದು ಎರಡು ಗೆರೆ ಸಾಕು. ಐದು ನಿಮಿಷವಾದ ಕೂಡಲೇ ಹಾಳೆಯನ್ನು ಬಲಗಡೆಯವರಿಗೆ ದಾಟಿಸಿ. ಅವರು ಮೇಲಿನ ಸಾಲು ಓದಿಕೊಂಡು ಎರಡನೇ ಸಾಲು ತುಂಬಲಿ. ಮೇಲಿನದ್ದಕ್ಕೇ ಏನಾದರೂ ಸೇರಿಸಬಹುದು, ತಿರುಗಿಸಬಹುದು, ಹೊಸದೇ ಬರೆಯಬಹುದು. ಹೀಗೆ ಆರು ಸುತ್ತು. ಅರ್ಧ ಗಂಟೆಗೆ ಲೆಕ್ಕದಲ್ಲಿ ನೂರೆಂಟು ಯೋಚನೆ. ಪುನರಾವರ್ತನೆ, ಖಾಲಿ ಮನೆ ಎಲ್ಲ ಬಿಟ್ಟರೂ ಕೈಯಲ್ಲಿ ಧಾರಾಳವಾಗಿ ಉಳಿಯುತ್ತದೆ. ಬರೆಯುವಷ್ಟು ಹೊತ್ತೂ ಮಾತಿಲ್ಲ, ಫೋನಿಲ್ಲ.

ಇದು ಕೆಲಸ ಮಾಡುವ ಬಗೆಯನ್ನು ಒಂದು ಹಾಳೆಯಲ್ಲೇ ತೋರಿಸುತ್ತೇನೆ. ಮಳೆಗಾಲದಲ್ಲಿ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೂತಿದ್ದೆವು. ಪ್ರಶ್ನೆ: "ಕೊಯ್ಲಿನ ಹೊತ್ತಲ್ಲಿ ಚೆರಿ (ಒಣಗಿಸಿದ ಕಾಫಿ ಹಣ್ಣು) ತಂದ ಸಣ್ಣ ಬೆಳೆಗಾರ ಗೇಟಿಗೆ ಬಂದು ರಸೀದಿ ತಗೊಂಡು ಹೋಗುವ ತನಕ ಕಾಯುವ ಹೊತ್ತನ್ನು ಅರ್ಧಕ್ಕೆ ಇಳಿಸುವುದು ಹೇಗೆ? ಹೊಸ ತೂಕದ ಯಂತ್ರ ಕೊಳ್ಳುವ ಹಾಗಿಲ್ಲ." ಗೇಟಿನ ಕಾವಲುಗಾರರ ಹಾಳೆಯ ಮೊದಲ ಮನೆಯಲ್ಲಿ ಇದ್ದದ್ದು ಇಷ್ಟೇ: "ಸಂತೆ ದಿನ ಜಾಸ್ತಿ ಗಾಡಿ ಬರ್ತವೆ." ಇದು ಯೋಚನೆಯೂ ಅಲ್ಲ, ಬರೀ ಕಂಡದ್ದು. ಸಂತೆಗೆ ಬರುವವರು ಹಾಗೇ ಮೂಟೆಯನ್ನೂ ಪಿಕಪ್‌ಗೆ ಹೇರಿಕೊಂಡು ಬರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು, ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಳೆ ದಾಟಿತು. ಲೆಕ್ಕ ಬರೆಯುವ ಹುಡುಗಿ ಕೆಳಗೆ ಬರೆದಳು: "ಸಂತೆ ದಿನಕ್ಕೆ ಮಾತ್ರ ಹಿಂದಿನ ಸಂಜೆ ಫೋನಿನಲ್ಲಿ ಟೋಕನ್ ಕೊಡೋಣ." ಔಟ್‌ಟರ್ನ್ (ಮೂಟೆಯಲ್ಲಿ ಎಷ್ಟು ಒಳ್ಳೆಯ ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡುವವರು ಅದರ ಕೆಳಗೆ: "ಟೋಕನ್ ಕೊಡುವಾಗಲೇ ಎಷ್ಟು ಮೂಟೆ, ಅರೇಬಿಕಾನಾ ರೊಬಸ್ಟಾನಾ ಕೇಳಿಕೊಂಡರೆ ಸ್ಯಾಂಪಲ್ ಡಬ್ಬಿಗೆ ಚೀಟಿ ಅಂಟಿಸಿ ರೆಡಿ ಇಡ್ತೀನಿ." ಹಮಾಲಿ ಮೇಸ್ತ್ರಿ ಅದರ ಕೆಳಗೆ: "ಹತ್ತು ಮೂಟೆ ಒಳಗಿನ ಪಿಕಪ್‌ಗೆ ಬೇರೆ ಸಾಲು ಮಾಡಿ. ಲಾರಿ ಹಿಂದೆ ನಿಲ್ಲಿಸಿದ್ರೆ ಬೆಳಿಗ್ಗೆಯಿಂದ ಸಂಜೆ ಆಗುತ್ತೆ."

ನಾಲ್ಕು ಮನೆ, ನಾಲ್ಕು ಕೈ. ಬಾಯಿಮಾತಿನ ಸಭೆಯಾಗಿದ್ದರೆ ಕಾವಲುಗಾರರ ಆ ಒಂದು ಸಾಲಿಗೆ "ಅದು ಗೊತ್ತಿರೋದೇ ಬಿಡಣ್ಣ" ಎಂದು ಯಾರೋ ಅಂದಿರುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಒಂದರ ಮೇಲೊಂದು ಕೂಡುವುದರ ಬಲ ಗೊತ್ತಾಗುವುದು ಇಂಥ ಹಾಳೆ ಕಣ್ಣಿಗೆ ಬಿದ್ದಾಗ. ನಮ್ಮ ತೋಟಗಳಲ್ಲಿರುವ ಎಸ್.795 ಎಂಬ ಅರೇಬಿಕಾ ಕಾಫಿ ತಳಿ ಕೂಡ ಹುಟ್ಟಿದ್ದು ಕೂಡಿಸುವುದರಿಂದಲೇ. ಎಸ್.288 ತಳಿಗೆ ಕೆಂಟ್ಸ್ ತಳಿ ಸೇರಿಸಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ್ದು, 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂತು.

ಹೆಜ್ಜೆ 5: ಧಣಿಗಳೇ, ನೀವು ಕೊನೆಗೆ ಮಾತಾಡಿ

ಬರೆದದ್ದೆಲ್ಲ ಗೋಡೆಗೆ ಅಂಟಿಸಿದ ಮೇಲೆ ಮಾತು ಶುರುವಾಗುತ್ತದೆ. ಒಬ್ಬರು ಒಂದೊಂದನ್ನೇ ಓದಲಿ, ಅರ್ಥವಾಗದಿದ್ದರೆ ಮಾತ್ರ ಕೇಳಲಿ. ಈ ಹೊತ್ತಿನಲ್ಲಿ ಯಜಮಾನರ, ಮ್ಯಾನೇಜರ ನಡವಳಿಕೆಯೇ ಎಲ್ಲ. ಅವರು ಮೊದಲು "ನನಗೆ ಇದು ಚೆನ್ನಾಗಿ ಕಾಣುತ್ತೆ" ಎಂದರೋ, ಉಳಿದ ಐವರಿಗೂ ಅದೇ ಚೆನ್ನಾಗಿ ಕಾಣುತ್ತದೆ.

ಈ ಮಾತುಗಳನ್ನು ಅವತ್ತು ಯಾರೂ ಆಡಕೂಡದು ಎಂದು ಕರಾರು ಮಾಡಿಕೊಳ್ಳಿ: "ಇದೆಲ್ಲ ಆಗೋದಲ್ಲ ಹೋಗೋದಲ್ಲ." "ಹಿಂದೆಯೇ ಮಾಡಿ ನೋಡಿದೀವಿ." "ನಿಂಗೆ ಅದೆಲ್ಲ ಗೊತ್ತಾಗಲ್ಲ ಬಿಡಮ್ಮ." "ಬೆಂಗಳೂರಲ್ಲಿ ನಡೆಯುತ್ತೆ, ನಮ್ಮಲ್ಲಿ ನಡೆಯಲ್ಲ." ನಗುವುದೂ ಇದರಲ್ಲೇ ಬಂತು. ಒಂದು ಕಿಸಕ್ಕನೆ ನಗು ಸಾಕು, ಆ ಮನುಷ್ಯ ಮುಂದಿನ ವರ್ಷದ ತನಕ ಪೆನ್ನು ಮುಟ್ಟುವುದಿಲ್ಲ. ಇವುಗಳ ಬದಲು ಎರಡೇ ಪ್ರಶ್ನೆ ಇಟ್ಟುಕೊಳ್ಳಿ: "ಇದು ನಡೆಯಬೇಕಾದರೆ ಏನೇನು ಬೇಕು?" ಮತ್ತು "ಇದನ್ನು ನೀವು ಎಲ್ಲಿ ಕಂಡಿರಿ, ಹೇಳಿ?"

ಹೆದರಿಕೆ ಇಲ್ಲದ ಕಡೆ ಮಾತ್ರ ಜನ ನಿಜ ಹೇಳುತ್ತಾರೆ ಎನ್ನುವುದಕ್ಕೆ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರ ಅಧ್ಯಯನ ಒಳ್ಳೆಯ ಸಾಕ್ಷಿ. ಆಸ್ಪತ್ರೆಯ ಶುಶ್ರೂಷಾ ತಂಡಗಳನ್ನು ನೋಡುವಾಗ, ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲೇ ಔಷಧಿ ಕೊಡುವಲ್ಲಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ತಪ್ಪು ಹೆಚ್ಚಾಗಿದ್ದಕ್ಕಲ್ಲ, ತಪ್ಪನ್ನು ಮುಚ್ಚಿಡದೆ ಹೇಳುವ ಧೈರ್ಯ ಇದ್ದದ್ದಕ್ಕೆ. 1999ರಲ್ಲಿ ಅವರು ಕೆಲಸದ ತಂಡಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ವಿಚಾರ ಇನ್ನೂ ಗಟ್ಟಿಯಾಯಿತು. ಹಾಗಾಗಿ ಮೊದಲ ಸಭೆಯಲ್ಲಿ ಬರೀ ದೂರುಗಳೇ ಬಂದರೆ ಬೇಸರಪಡಬೇಡಿ. ದೂರು ಹೇಳುವಷ್ಟು ನಂಬಿಕೆ ಹುಟ್ಟಿದೆ ಎಂದು ತಿಳಿಯಿರಿ. ಪ್ರತಿ ದೂರನ್ನೂ "ಹೀಗಾಗದ ಹಾಗೆ ಏನು ಮಾಡಬಹುದು?" ಎಂದು ತಿರುಗಿಸಿ ಬರೆದಿಟ್ಟುಕೊಳ್ಳಿ, ಮುಂದಿನ ಸಭೆಗೆ ಪ್ರಶ್ನೆ ಸಿಕ್ಕಿತು.

ಯಾರಿಗೂ ಏನೂ ಹೊಳೆಯದಿದ್ದರೆ

ಅಂಥ ದಿನಗಳೂ ಇರುತ್ತವೆ. ಆಗ ಪ್ರಶ್ನೆಯನ್ನು ತಲೆಕೆಳಗು ಮಾಡಿ: "ನಮ್ಮ ಹೋಂಸ್ಟೇಗೆ ಬಂದವರು ಇನ್ನೊಮ್ಮೆ ಈ ಕಡೆ ತಲೆ ಹಾಕದಂತೆ ಮಾಡುವುದು ಹೇಗೆ?" ಒದ್ದೆ ಹಾಸಿಗೆ ಕೊಡಿ, ತಣ್ಣಗಾದ ಅಕ್ಕಿರೊಟ್ಟಿ ಬಡಿಸಿ, ದಾರಿ ಕೇಳಿದರೆ ಫೋನ್ ಎತ್ತಬೇಡಿ. ಎಲ್ಲರ ನಾಲಿಗೆಯೂ ಸಡಿಲವಾಗುತ್ತದೆ. ಹತ್ತು ನಿಮಿಷದ ನಂತರ ಆ ಪಟ್ಟಿಯನ್ನು ಒಂದೊಂದಾಗಿ ನೇರ ಮಾಡಿ. ಈಗಲೇ ಇವುಗಳಲ್ಲಿ ಯಾವುದು ನಮ್ಮಲ್ಲಿ ನಡೆಯುತ್ತಿದೆ ಎಂದು ಮೆಲ್ಲಗೆ ಕೇಳಿ. ಮೇಲಿನವರ ಮೇಲೆ ನೇರವಾಗಿ ಹೇಳಲಾಗದ್ದು ಈ ದಾರಿಯಲ್ಲಿ ಯಾರ ಮನಸ್ಸೂ ನೋಯದೆ ಹೊರಗೆ ಬರುತ್ತದೆ.

ಇನ್ನೊಂದು ಉಪಾಯ, 1971ರಲ್ಲಿ ಬಾಬ್ ಎಬರ್ಲ್ ಜೋಡಿಸಿಕೊಟ್ಟ ಸ್ಕ್ಯಾಂಪರ್ ಪ್ರಶ್ನಾವಳಿ. ಈಗಿರುವ ಪದ್ಧತಿಯಲ್ಲಿ ಏನನ್ನಾದರೂ ಬದಲಿ ಹಾಕಬಹುದೇ, ಕೂಡಿಸಬಹುದೇ, ಬೇರೆ ಕಡೆಯಿಂದ ತಂದು ಹೊಂದಿಸಬಹುದೇ, ಹಿಗ್ಗಿಸಿ ಕುಗ್ಗಿಸಬಹುದೇ, ಬೇರೆಯದಕ್ಕೆ ಬಳಸಬಹುದೇ, ತೆಗೆದೇ ಹಾಕಬಹುದೇ, ಹಿಂದುಮುಂದು ಮಾಡಬಹುದೇ. "ತೆಗೆದೇ ಹಾಕಬಹುದೇ" ಎಂಬುದನ್ನು ಮರೆಯಬೇಡಿ. ಸಹಕಾರ ಸಂಘಗಳಲ್ಲಿ ಒಂದೇ ವಿವರವನ್ನು ಮೂರು ರಿಜಿಸ್ಟರಿಗೆ ಬರೆಯುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಇದೂ ನಡೆಯದಿದ್ದರೆ ಸಭೆ ಬಿಟ್ಟು ಏಳಿ. ಎಲ್ಲರೂ ಹೋಗಿ ಅರ್ಧ ಗಂಟೆ ಗೇಟಿನ ಬಳಿ, ಅಡುಗೆಮನೆಯಲ್ಲಿ, ಕಣದಲ್ಲಿ ಸುಮ್ಮನೆ ನಿಂತು ನೋಡಿ ಬನ್ನಿ.

ಹೆಜ್ಜೆ 6: ಆರಿಸಿ

ಮೂರು ಗುಡ್ಡೆ ಮಾಡಿ: ನಾಳೆಯೇ ಮಾಡಬಹುದಾದದ್ದು, ಪರೀಕ್ಷೆ ಮಾಡಿ ನೋಡಬೇಕಾದದ್ದು, ಈಗ ಬೇಡ ಆದರೆ ಇಟ್ಟುಕೊಳ್ಳಬೇಕಾದದ್ದು. ಪ್ರತಿಯೊಬ್ಬರಿಗೂ ಮೂರು ಬಿಂದಿ ಕೊಟ್ಟು ಇಷ್ಟವಾದ ಚೀಟಿಯ ಮೇಲೆ ಅಂಟಿಸಲು ಹೇಳಿ. ಮ್ಯಾನೇಜರ ಬಿಂದಿ ಕೊನೆಗೆ. ಮತ ಹೆಚ್ಚು ಬಿದ್ದದ್ದೇ ಗೆದ್ದಿತು ಎಂದಲ್ಲ. ಅಂತಿಮವಾಗಿ ಆರಿಸುವ ಹೊಣೆ ಯಜಮಾನರದ್ದೇ. ಬಿಂದಿ ತೋರಿಸುವುದು ಜನರ ಮನಸ್ಸು ಎತ್ತ ವಾಲಿದೆ ಎಂಬುದನ್ನು. ಮತ ಬಿದ್ದದ್ದನ್ನು ಬಿಟ್ಟು ಬೇರೆಯದನ್ನು ಆರಿಸಿದರೆ ಯಾಕೆಂದು ಅಲ್ಲೇ, ಎಲ್ಲರೆದುರೇ ಹೇಳಿ.

ಮೂರನೇ ಗುಡ್ಡೆಯನ್ನು ಕಸದ ಬುಟ್ಟಿಗೆ ಹಾಕಬೇಡಿ. ಇವತ್ತು ಕಚೇರಿಗಳಲ್ಲೆಲ್ಲ ಇರುವ ಹಳದಿ ಅಂಟುಚೀಟಿಯ ಅಂಟನ್ನು 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಕಂಡುಹಿಡಿದದ್ದು 1968ರಲ್ಲಿ. ಗಟ್ಟಿಯಾಗಿ ಅಂಟದ ಅಂಟು ಯಾರಿಗೆ ಬೇಕು? ವರ್ಷಗಟ್ಟಲೆ ಅದಕ್ಕೆ ಉಪಯೋಗವೇ ಸಿಗಲಿಲ್ಲ. 1974ರಲ್ಲಿ ಅದೇ ಕಂಪನಿಯ ಆರ್ಟ್ ಫ್ರೈ ಅವರಿಗೆ ಪ್ರಾರ್ಥನಾ ಗೀತೆಯ ಪುಸ್ತಕದಿಂದ ಜಾರಿಬೀಳದ ಗುರುತುಚೀಟಿ ಬೇಕಾದಾಗ ಅದರ ನೆನಪಾಯಿತು. 1980ರಲ್ಲಿ ಪೋಸ್ಟ್-ಇಟ್ ಅಮೆರಿಕದ ಮಾರುಕಟ್ಟೆಗೆ ಬಂತು. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಆ ಗುಡ್ಡೆಯನ್ನು ಬರೆದಿಡಿ, ವರ್ಷಕ್ಕೊಮ್ಮೆ ತೆರೆದು ನೋಡಿ.

ಆರಿಸಿದ್ದನ್ನು ಕೈಗೆತ್ತಿಕೊಳ್ಳುವ ಮುಂಚೆ ಹತ್ತು ನಿಮಿಷ ಇದನ್ನೂ ಮಾಡಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ವಿಧಾನ: "ಮೂರು ತಿಂಗಳು ಕಳೆದಿದೆ, ಇದು ಪೂರ್ತಿ ನೆಲಕಚ್ಚಿದೆ ಎಂದುಕೊಳ್ಳಿ. ಯಾಕೆ ಹೀಗಾಯಿತು, ಬರೆಯಿರಿ." ಕ್ಯೂರಿಂಗಿನ ಟೋಕನ್ ವಿಷಯದಲ್ಲಿ ಹೀಗೆ ಕೇಳಿದಾಗ ಬಂದ ಉತ್ತರಗಳಲ್ಲಿ ಒಂದು: "ಟೋಕನ್ ಇಲ್ಲದೆ ಬಂದವರನ್ನು ವಾಪಸ್ ಕಳಿಸ್ತಾರೆ ಅಂತ ಸುದ್ದಿ ಹಬ್ಬಿ, ಸಣ್ಣ ಬೆಳೆಗಾರರು ಬೇರೆ ಕಡೆ ಹೋದ್ರು." ಅದಕ್ಕೇ ಮೊದಲ ನಿಯಮವಾಗಿ ಬರೆದುಕೊಂಡರು: ಟೋಕನ್ ಇಲ್ಲದವರನ್ನೂ ಯಾವ ಕಾರಣಕ್ಕೂ ಹಿಂದಕ್ಕೆ ಕಳಿಸುವಂತಿಲ್ಲ.

ಹೆಜ್ಜೆ 7: ಸಣ್ಣದಾಗಿ ಮಾಡಿ ನೋಡಿ

ಹೊಸ ತಳಿಯನ್ನು ತೋಟದ ತುಂಬ ಒಂದೇ ವರ್ಷದಲ್ಲಿ ಹಾಕುವ ಬೆಳೆಗಾರರು ಇಲ್ಲ. ಮೊದಲು ಒಂದು ಪಟ್ಟಿಯಲ್ಲಿ ನೆಟ್ಟು, ತುಕ್ಕು ರೋಗ ಹೇಗೆ, ಕಾಂಡಕೊರಕ ಹೇಗೆ, ಫಸಲು ಹೇಗೆ ನೋಡುತ್ತಾರೆ. ಕಚೇರಿಯ ಹೊಸ ಯೋಚನೆಗೂ ಅಷ್ಟೇ ಜಾಗ ಕೊಡಿ. ಒಂದು ಹಾಳೆಯಲ್ಲಿ ಈ ಐದು ಸಾಲು ಬರೆದು ಗೋಡೆಗೆ ಹಚ್ಚಿ:

ಏನು ಮಾಡುತ್ತೇವೆ. ಎಲ್ಲಿ, ಯಾವ ದಿನದಿಂದ ಯಾವ ದಿನದ ತನಕ. ಯಾರು ನೋಡಿಕೊಳ್ಳುತ್ತಾರೆ. ಏನನ್ನು ಎಣಿಸುತ್ತೇವೆ. ಏನಾದರೆ ನಿಲ್ಲಿಸುತ್ತೇವೆ.

ಕೊನೆಯ ಸಾಲು ಬರೆಯಲು ಜನ ಹಿಂಜರಿಯುತ್ತಾರೆ, ಅಪಶಕುನ ನುಡಿದ ಹಾಗೆ ಅನ್ನಿಸುತ್ತದೆ. ಬರೆಯಲೇಬೇಕು. ನಿಲ್ಲಿಸುವ ಗುರುತು ಮೊದಲೇ ಗೊತ್ತಿದ್ದರೆ ನಿಲ್ಲಿಸಿದಾಗ ಯಾರ ಮುಖವೂ ಕೆಡುವುದಿಲ್ಲ. ಯಾರು ನೋಡಿಕೊಳ್ಳುತ್ತಾರೆ ಎಂಬಲ್ಲಿ "ಎಲ್ಲರೂ" ಎಂದು ಬರೆಯಬೇಡಿ, ಒಬ್ಬರ ಹೆಸರು ಬರೆಯಿರಿ. ಯೋಚನೆ ಕೊಟ್ಟವರ ಮೇಲೇ ಹೊರೆ ಹಾಕಬೇಡಿ. "ನೀನೇ ಹೇಳಿದ್ದಲ್ಲ, ನೀನೇ ಮಾಡು" ಎಂದು ಒಮ್ಮೆ ಅಂದರೆ ಮುಂದೆ ಯಾರೂ ಏನೂ ಹೇಳುವುದಿಲ್ಲ.

ಟೋಕನ್ ಪರೀಕ್ಷೆ ನಡೆದದ್ದು ಸಂತೆ ದಿನಗಳಲ್ಲಿ ಮಾತ್ರ, ಹತ್ತು ಮೂಟೆ ಒಳಗಿನ ಗಾಡಿಗಳಿಗೆ ಮಾತ್ರ. ಎಣಿಸಿದ್ದು ಒಂದನ್ನೇ: ಗೇಟಿನಲ್ಲಿ ಬರೆದ ಹೊತ್ತು, ರಸೀದಿಯ ಮೇಲಿನ ಹೊತ್ತು. ಬೇರೆ ಸಾಲು ಮೊದಲ ದಿನವೇ ಫಲ ಕೊಟ್ಟಿತು. ಫೋನಿನ ಟೋಕನ್ ಎಡವಿತು, ಸಂಜೆ ಒಬ್ಬಳೇ ಹುಡುಗಿ ಕರೆ ಎತ್ತಿ ಎತ್ತಿ ಸೋತುಹೋದಳು. ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿದರೆ ಸಾಕು ಎಂದು ಬದಲಾಯಿಸಿದ ಮೇಲೆ ಹಳಿಗೆ ಬಂತು. ತೋಟದ ಒಳಗೆ ಸಿಗ್ನಲ್ ಇಲ್ಲದವರೂ ರಸ್ತೆಗೆ ಬಂದಾಗ ಸಂದೇಶ ತಾನಾಗಿ ಹೋಗುತ್ತದಲ್ಲ.

ಹೆಜ್ಜೆ 8: ಹದಿನೈದು ದಿನದೊಳಗೆ ಉತ್ತರ ಕೊಡಿ, ಹೆಸರು ಬರೆಯಿರಿ

ಸಲಹಾ ಪೆಟ್ಟಿಗೆಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಬೀಗ ಜಡಿದ ಪೆಟ್ಟಿಗೆಯೊಳಗೆ ಬಿದ್ದ ಚೀಟಿಗೆ ಏನಾಯಿತೆಂದು ಬರೆದವರಿಗೆ ತಿಳಿಯುವುದೇ ಇಲ್ಲ. ಪೆಟ್ಟಿಗೆ ಇಡಲೇಬೇಕೆಂದರೆ ಪಕ್ಕದಲ್ಲಿ ಒಂದು ಬೋರ್ಡ್ ಇಡಿ. ಬಂದ ಸಲಹೆ, ಬಂದ ದಿನ, ಏನು ತೀರ್ಮಾನವಾಯಿತು, ಯಾಕೆ. "ಬೇಡ" ಎಂಬುದೂ ಉತ್ತರವೇ, ಕಾರಣ ಇದ್ದರೆ. ಜಪಾನಿನ ಟೊಯೋಟಾದಲ್ಲಿ 1951ರಲ್ಲಿ ಶುರುವಾದ ಸಲಹಾ ಪದ್ಧತಿ ಇವತ್ತಿಗೂ ನಡೆಯುತ್ತಿದೆ. ಅದರ ಮೂಲವನ್ನು ಅವರು ಕಂಡದ್ದು ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ. ಬೇರೆಯವರಲ್ಲಿ ಕಂಡದ್ದನ್ನು ತಂದು ತಮ್ಮದಾಗಿ ಬೆಳೆಸಿಕೊಳ್ಳುವುದೂ ಹೊಸತನವೇ.

ಬರೆಯುವಾಗ ಹೆಸರು ಬೇಡ ಎಂದೆ. ಯೋಚನೆ ಕೆಲಸಕ್ಕೆ ಬಂದ ಮೇಲೆ, ಕೊಟ್ಟವರು ಒಪ್ಪಿದರೆ, ಹೆಸರು ಬೇಕೇ ಬೇಕು. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದಾಗ ಶಿಲ್ಪಗಳ ಪೀಠದ ಕಡೆ ಸ್ವಲ್ಪ ಬಗ್ಗಿ ನೋಡಿ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಕೊಂಡಿದ್ದಾರೆ. ಇನ್ನೊಬ್ಬ ಶಿಲ್ಪಿ ಮಲ್ಲಿತಮ್ಮನ ಹೆಸರು ತರೀಕೆರೆ ಹತ್ತಿರದ ಅಮೃತಪುರದಲ್ಲೂ ನುಗ್ಗೇಹಳ್ಳಿಯಲ್ಲೂ ಇದೆ. ಗುಡಿ ಕಟ್ಟಿಸಿದ ಅರಸನ ಹೆಸರಿನ ಜೊತೆಗೇ ಉಳಿ ಹಿಡಿದವನ ಹೆಸರಿಗೂ ಆ ಕಾಲ ಜಾಗ ಕೊಟ್ಟಿತ್ತು. ನಿಮ್ಮ ಗೋದಾಮಿನ ಗೋಡೆಯಲ್ಲಿ "ಸಣ್ಣ ಗಾಡಿಗಳ ಸಾಲು: ಇಂಥವರ ಯೋಚನೆ" ಎಂದು ಒಂದು ಹಲಗೆ ಹಾಕಲು ಎಷ್ಟು ಹೊತ್ತು ಬೇಕು? ಹಲವರು ಸೇರಿ ಆಗಿದ್ದರೆ ಅಷ್ಟೂ ಹೆಸರು ಬರೆಯಿರಿ. ಕಾವಲುಗಾರರ ಹೆಸರನ್ನು ಮೊದಲು ಬರೆಯಿರಿ.

ಬಹುಮಾನದ ವಿಷಯದಲ್ಲಿ ಕೈ ಹಿಡಿತವಿರಲಿ. "ಒಳ್ಳೆಯ ಯೋಚನೆಗೆ ಐದು ಸಾವಿರ" ಎಂದು ಮೊದಲೇ ಸಾರಿದರೆ ಜನ ತಮ್ಮದನ್ನು ಬಚ್ಚಿಟ್ಟುಕೊಳ್ಳುತ್ತಾರೆ, ಹಾಳೆ ದಾಟಿಸುವ ಪದ್ಧತಿಯೇ ಕುಸಿಯುತ್ತದೆ. ಸೃಜನಶೀಲತೆಯ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿರುವ ತೆರೇಸಾ ಅಮಬೈಲ್ ಅವರೂ ಕೆಲಸದಲ್ಲೇ ಸಿಗುವ ಸಂತೋಷವೇ ಹೊಸ ಯೋಚನೆಯ ದೊಡ್ಡ ಮೂಲ ಎನ್ನುತ್ತಾರೆ. ಇದರರ್ಥ ದುಡ್ಡು ಕೊಡಬಾರದೆಂದಲ್ಲ. ಯೋಚನೆಯಿಂದ ಸಂಸ್ಥೆಗೆ ನಿಜವಾಗಿ ಲಾಭವಾಗಿದ್ದರೆ ಅದರಲ್ಲಿ ಪಾಲು ಕೊಡುವುದು ನ್ಯಾಯ. ಗುಂಪಿಗೆ ಕೊಡಿ, ಲಾಭ ಕಂಡ ಮೇಲೆ ಕೊಡಿ.

ಹೆಜ್ಜೆ 9: ಕೊಯ್ಲಿನ ಕಾಲದಲ್ಲಿ ಆರದಂತೆ ನೋಡಿಕೊಳ್ಳಿ

ಮಳೆಗಾಲದ ಉತ್ಸಾಹ ಡಿಸೆಂಬರಿನಲ್ಲಿ ಉಳಿಯಬೇಕಾದರೆ ದೊಡ್ಡ ಸಭೆ ಬೇಡ. ವಾರಕ್ಕೊಂದು ದಿನ, ಬೆಳಿಗ್ಗೆ ಕೆಲಸ ಹಂಚುವ ಹೊತ್ತಿಗೆ, ನಿಂತುಕೊಂಡೇ ಹತ್ತು ನಿಮಿಷ ಸಾಕು. "ಈ ವಾರ ಕೈ ಕಟ್ಟಿಹಾಕಿದ್ದು ಯಾವುದು?" ಎಂಬ ಒಂದೇ ಪ್ರಶ್ನೆ. ಸರದಿಯ ಮೇಲೆ ಒಬ್ಬೊಬ್ಬರು ನಡೆಸಲಿ, ಮ್ಯಾನೇಜರೇ ಯಾವಾಗಲೂ ನಡೆಸುವುದು ಬೇಡ. ಬಂದ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಲಸಕ್ಕೆ ಹೋಗಿ, ಪರಿಹಾರದ ಚರ್ಚೆ ಅಲ್ಲೇ ಶುರುಮಾಡಬೇಡಿ.

ವಾಟ್ಸಾಪ್ ಗುಂಪಿನಲ್ಲಿ ಇದನ್ನೆಲ್ಲ ಮಾಡಬಹುದೇ ಎಂದು ಕೇಳುತ್ತಾರೆ. ಫೋಟೋ, ಧ್ವನಿ ಸಂದೇಶ ಕೂಡಿಡಲು ಒಳ್ಳೆಯದು. ಚರ್ಚೆಗೆ ಬೇಡ. ಮೊದಲು ಸಂದೇಶ ಹಾಕಿದವರ ಹಿಂದೆ ಎಲ್ಲರೂ ಹೆಬ್ಬೆರಳು ಎತ್ತಿ ಸುಮ್ಮನಾಗುತ್ತಾರೆ, ರಾತ್ರಿ ಹತ್ತಕ್ಕೆ ಬಂದ ಧಣಿಗಳ ಒಂದು ಪ್ರಶ್ನೆಗೆ ಇಡೀ ಗುಂಪು ಬೆದರುತ್ತದೆ.

ಮಾರ್ಚ್ ಮುಗಿದು, ಕಾಫಿ ಹೂ ಅರಳಿಸುವ ಹೂ ಮಳೆಯಾಗಿ ಸ್ವಲ್ಪ ಬಿಡುವು ಸಿಕ್ಕಾಗ ಆ ನೋಟ್‌ಬುಕ್ ತೆಗೆದು ಮೂರು ಗುರುತು ಹಾಕಿ: ಪದೇಪದೇ ಬಂದ ದೂರು, ಒಮ್ಮೆ ಮಾತ್ರ ಬಂದರೂ ದೊಡ್ಡದಾದದ್ದು, ತಾನಾಗಿ ಸರಿಹೋದದ್ದು. ಮೊದಲೆರಡರಿಂದ ಒಂದನ್ನು ಆರಿಸಿ, ಕಟ್ಟುಪಾಡು ಸೇರಿಸಿ, ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಈ ಸಲ ಹಾಳೆ ಹಂಚಿ ಗಡಿಯಾರ ನೋಡುವ ಕೆಲಸವನ್ನು ಹಿಂದಿನ ಸಭೆಯಲ್ಲಿ ಅತಿ ಕಡಿಮೆ ಮಾತಾಡಿದವರಿಗೆ ವಹಿಸಿ.